ಮಗುವಿನ ಬರಿ

ನನ್ನ ತಮ್ಮನಿಗೆ ಮದುವೆಯಾದದ್ದು ನಲವತ್ತು ದಾಟಿದ ಮೇಲೆ. ಮಡಂತ್ಯಾರಿನಲ್ಲಿ ಅವನದೊಂದು ಸಣ್ಣ ಹೋಟೆಲು ಉಂಟು. ಮಧ್ಯಾಹ್ನ ಮೀನಿನ ಊಟ, ಸಂಜೆಗೆ ಗೋಳಿಬಜೆ. ಹುಡುಗಿಯ ಕಡೆಯವರು ಬರುತ್ತಿದ್ದರು, ಚಾ ಕುಡಿಯುತ್ತಿದ್ದರು, ಹುಡುಗ ಮಂಗಳೂರಿನಲ್ಲಾದರೂ ಇದ್ದಿದ್ದರೆ ನೋಡಬಹುದಿತ್ತು ಎಂದು ಹೇಳಿ ಹೋಗುತ್ತಿದ್ದರು. ಕೊನೆಗೆ ಅವನೇ ಒಬ್ಬಳನ್ನು ಹುಡುಕಿಕೊಂಡ. ಗೇರುಬೀಜದ ಕಾರ್ಖಾನೆಯ ಕೆಲಸಕ್ಕೆಂದು ಜಾರ್ಖಂಡಿನಿಂದ ಬಂದವಳು. ರಜೆಯ ದಿನ ತನ್ನ ಅಕ್ಕನ ಜೊತೆ ಹೋಟೆಲಿಗೆ ಬರುತ್ತಿದ್ದಳಂತೆ.

ರಿಜಿಸ್ಟರ್ ಮದುವೆಗೆ ನಾನು ಮೂಡುಬಿದಿರೆಯಿಂದ ಹೋಗಿ ಸಾಕ್ಷಿ ಹಾಕಿದೆ. ಅಮ್ಮ ಬರಲಿಲ್ಲ. ಸಿಟ್ಟಿನಿಂದ ಅಲ್ಲ, ಬಂದವಳನ್ನು ಒಳಗೆ ಕರೆದುಕೊಳ್ಳಲು ಮನೆಯಲ್ಲಿ ಒಬ್ಬರು ಇರಬೇಕಲ್ಲ ಎಂದರು.

ಅಮ್ಮನಿಗೆ ತುಳು ಬಿಟ್ಟರೆ ಅಷ್ಟಿಷ್ಟು ಕನ್ನಡ. ಅವಳಿಗೆ ಹಿಂದಿ. ತಮ್ಮ ಇಡೀ ದಿನ ಹೋಟೆಲಿನಲ್ಲಿ. ಪಕ್ಕದ ಮನೆಯ ಬ್ಯಾರಿ ಅಕ್ಕ ಗಂಡನ ಜೊತೆ ಗಲ್ಫಿನಲ್ಲಿದ್ದು ಹಿಂದಿ ಕಲಿತವರು. ಮುಖ್ಯವಾದ ಮಾತೇನಾದರೂ ಇದ್ದರೆ ಅಮ್ಮ ಅವರನ್ನು ಕಾಂಪೌಂಡಿನಾಚೆಯಿಂದ ಕರೆಯುತ್ತಿದ್ದರು. ಉಳಿದದ್ದು ಕೈಸನ್ನೆಯಲ್ಲಿ ನಡೆಯುತ್ತಿತ್ತು.

ಒಮ್ಮೆ ನಾನು ಊರಿಗೆ ಹೋಗಿದ್ದಾಗ ಅವಳು ಜಗಲಿಯಲ್ಲಿ ಕೂತು ತನ್ನ ತಾಯಿಗೆ ಫೋನು ಮಾಡುತ್ತಿದ್ದಳು. ಆ ಮಾತು ಹಿಂದಿಯಾಗಿರಲಿಲ್ಲ. ಬೂತಾಯಿ ಮೀನು ಶುಚಿ ಮಾಡುತ್ತಿದ್ದ ಅಮ್ಮ ಕೈ ನಿಲ್ಲಿಸಿದರು.

"ಅವಳು ಈಗ ನೀನ್ ಅಂದಳಲ್ಲ, ಕೇಳಿದೆಯಾ?"

ಫೋನು ಮುಗಿದ ಮೇಲೆ ಅಮ್ಮ ಕಣ್ಣು ಮುಟ್ಟಿ ತೋರಿಸಿದರು. ಅವಳು 'ಖನ್' ಎಂದಳು. ಬಾಯಿ ತೋರಿಸಿದರೆ 'ಬಾಯಿ'. ಹಲ್ಲಿಗೆ 'ಪಲ್'. ಜಾರ್ಖಂಡಿನ ಕಡೆಯ ಕುಡುಖ್ ಎಂಬ ಭಾಷೆ ನಮ್ಮ ಭಾಷೆಗಳ ಬಳಗದ್ದೇ ಎಂದು ನಾನು ಎಲ್ಲೋ ಓದಿದ್ದೆ. ನಮ್ಮ ಜಗಲಿಯಲ್ಲಿ ಅದನ್ನು ಕೇಳುತ್ತೇನೆಂದು ಮಾತ್ರ ಎಣಿಸಿರಲಿಲ್ಲ. ನಮ್ಮವರೇ ಯಾರೋ ಹಿಂದೆ ಆ ಕಡೆಗೆ ಹೋಗಿರಬೇಕು ಎಂದು ಅಮ್ಮ ತೀರ್ಮಾನಿಸಿ ಮೀನಿಗೆ ಮರಳಿದರು. ಅದರ ನಂತರ ಬ್ಯಾರಿ ಅಕ್ಕನನ್ನು ಕರೆಯುವುದು ಕಡಿಮೆಯಾಯಿತು. ವರ್ಷ ತಿರುಗುವುದರೊಳಗೆ ಅವಳು ತುಳುವಿನಲ್ಲಿ ಮೀನಿನವನ ಹತ್ತಿರ ಕ್ರಯಕ್ಕೆ ಚರ್ಚೆ ಮಾಡುವಷ್ಟಾದಳು.

ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ವಿಟ್ಲದಿಂದ ಸೋದರಮಾವ ಬಂದರು. ನಮ್ಮ ಕುಟುಂಬಕ್ಕೆ ಹಿರಿಯರು ಅವರೇ. ಊಟಕ್ಕೆ ಮೊದಲು ಮಗುವಿನ ಬರಿ ಯಾವುದೆಂದು ಕೇಳಿದರು. ಬರಿ ಎಂದರೆ ನಮ್ಮಲ್ಲಿ ಕುಲ, ಅದು ತಾಯಿಯಿಂದ ಮಕ್ಕಳಿಗೆ ಬರುವುದು. ತಾಯಿ ಹೊರಗಿನವಳಾದರೆ ಮಗುವಿಗೆ ಬರಿಯೇ ಇಲ್ಲ. ಯಾವುದಾದರೂ ಮನೆಯವರು ಅವಳನ್ನು ಮಗಳೆಂದು ಸ್ವೀಕರಿಸಿದರೆ ಅವರ ಬರಿ ಸಿಗುತ್ತದೆ, ನಾನು ಮಾತಾಡಿ ನೋಡುತ್ತೇನೆ ಎಂದರು ಮಾವ.

ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಅವಳಿಗೆ ಎಲ್ಲ ಅರ್ಥವಾಗಿತ್ತು. ಮುಖ ಸಣ್ಣದಾಯಿತು. ತನಗೂ ಕುಲ ಉಂಟು, ತಮ್ಮದು ಆಮೆಯ ಕುಲ, ತಾವು ಆಮೆಯನ್ನು ತಿನ್ನುವುದಿಲ್ಲ ಎಂದು ನಿಧಾನವಾಗಿ ತುಳುವಿನಲ್ಲೇ ಹೇಳಿದಳು. ಆದರೆ ಅವರಲ್ಲಿ ಮಕ್ಕಳಿಗೆ ಅಪ್ಪನ ಕುಲವಂತೆ.

ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. "ಅವರ ಕಟ್ಟಳೆ ಹಿಡಿದರೆ ಮಗು ನಮ್ಮದು. ನಮ್ಮ ಕಟ್ಟಳೆ ಹಿಡಿದರೆ ಅವರದ್ದು. ಇದೊಳ್ಳೆ ಕತೆಯಾಯಿತು."

"ಮಗು ಹುಟ್ಟಿದ್ದು ಈ ಮನೆಯಲ್ಲಿ," ಎಂದರು ಅಮ್ಮ. "ನಡೆಯುವುದು ನಮ್ಮ ಕಟ್ಟಳೆ. ತಾಯಿಯದ್ದು ಆಮೆ, ಮಗುವಿನದ್ದೂ ಆಮೆ."

"ಆಮೆ ಅಂತ ಒಂದು ಬರಿ ಇಲ್ಲ, ಮಾರಾಯ್ತಿ."

"ಇಷ್ಟು ದಿನ ಇರಲಿಲ್ಲ. ಇನ್ನು ಉಂಟು."

ಮಾವ ಊಟ ಮಾಡಿ ಬಸ್ಸಿಗೆ ಹೋದರು. ನಾನು ಪಾತ್ರೆ ಒಳಗಿಡುವಾಗ ಅವಳು ಹಿತ್ತಿಲಲ್ಲಿ ಫೋನು ಹಿಡಿದು ತಾಯಿಗೆ ಏನೋ ಹೇಳಿ ನಗುತ್ತಿದ್ದಳು, ಸೆರಗಿನಿಂದ ಕಣ್ಣನ್ನೂ ಒರೆಸುತ್ತಿದ್ದಳು.

ಮುಂದಿನ ವರ್ಷ ಕುಟುಂಬದ ದೈವಕ್ಕೆ ತಂಬಿಲ ಸೇವೆ. ಹೊಸ ಮಗುವನ್ನು ದೈವದೆದುರು ಬರಿ ಹೇಳಿ ಒಪ್ಪಿಸುವುದು ಹಿರಿಯರ ಕೆಲಸ. ಮಾವ ಕೈಮುಗಿದು ಶುರುಮಾಡಿದರು, ನಡುವೆ ಒಮ್ಮೆ ಗಂಟಲು ಸರಿಮಾಡಿಕೊಂಡು, ಆಮೆ ಬರಿಯ ಹೆಣ್ಣುಮಗು ಎಂದರು. ಸೇರಿದವರೆಲ್ಲ ಕೈಮುಗಿದರು. ಪ್ರಸಾದ ಹಂಚಿದರು.