ಮರಳಿನ ಮೇಲೆ ಕುಪ್ಪಮ್ಮನ ಜಾಗ

ಪಕ್ಕದ ಮನೆಯವರು ತಾರಸಿಯಲ್ಲಿ ಒಣಹಾಕಿದ್ದ ಹಳೆಯ ಸೀರೆಯೊಂದು ಇಂದು ಬೆಳಿಗ್ಗೆ ಗಾಳಿ ತುಂಬಿಕೊಂಡು ಡೇರೆಯಂತೆ ಉಬ್ಬಿತು. ಅಷ್ಟೇ ಸಾಕಾಯಿತು, ಕಾಫಿ ಆರಿಹೋಗುವವರೆಗೂ ನಾನು ಕುಪ್ಪಮ್ಮನೊಂದಿಗಿದ್ದೆ.

ಕುಪ್ಪಮ್ಮ ಇರುಳ ಬುಡಕಟ್ಟಿನವಳು. ನಗರದಂಚಿನ ಪಳ್ಳಿಕರಣೈಯ ಜೌಗು ನೆಲದ ಕಾವಲಿಗಿದ್ದವಳು. ಕಸ ಸುರಿಯಲು ಬಂದ ಲಾರಿಗೆ ಕೋಲು ಅಡ್ಡ ಹಿಡಿದು, "ನಿಮ್ಮತ್ತೆ ಮನೆ ಹಿತ್ತಿಲೇನೋ ಇದು? ತಿರುಗಿಸೋ ಗಾಡೀನ!" ಎಂದು ಗದರುವಳು. ರೈಲ್ವೆಯಿಂದ ನಿವೃತ್ತನಾದ ಮೇಲೆ ಹಕ್ಕಿ ನೋಡುವ ನೆಪದಲ್ಲಿ ಅಲ್ಲಿಗೆ ಹೋಗುತ್ತಿದ್ದ ನಾನು ನೋಡಿದ್ದು ಬಹುಪಾಲು ಅವಳ ಜಗಳಗಳನ್ನೇ. ಅವಳ ತಮಿಳು ನನ್ನ ನೆನಪಿನಲ್ಲಿ ಯಾವಾಗಲೋ ಕನ್ನಡವಾಗಿಬಿಟ್ಟಿದೆ, ನೀವು ಕ್ಷಮಿಸಬೇಕು.

ತಮಿಳರ ಮಾಸಿ ತಿಂಗಳ ಹುಣ್ಣಿಮೆಗೆ ಇರುಳರು ಮಹಾಬಲಿಪುರದ ಕಡಲ ದಂಡೆಯಲ್ಲಿ ಸೇರುತ್ತಾರೆ. ಹಳೆಯ ಸೀರೆಗಳ ಡೇರೆ ಕಟ್ಟಿ, ಮರಳಿನಲ್ಲಿ ಏಳು ಮೆಟ್ಟಿಲು ಮಾಡಿ, ಮುನಿಸಿಕೊಂಡು ಕಡಲಿಗೆ ಹೋದ ತಮ್ಮ ದೇವಿ ಕನ್ನಿಯಮ್ಮನನ್ನು ಕರೆಯುತ್ತಾರೆ. ಆಮೇಲೆ ಎಲ್ಲವನ್ನೂ ಅಲೆ ಒಯ್ಯುತ್ತದೆ. ಇವರಿಗೆ ನೆಲೆಯೆಂಬ ಕಲ್ಪನೆಯೇ ಇಲ್ಲವೆಂದು ವಿದ್ವಾಂಸರೊಬ್ಬರು ಭಾಷಣದಲ್ಲಿ ಹೇಳಿದ್ದರು. ಶಾಲೆ ಬಿಟ್ಟು ಗ್ರಂಥಾಲಯ ಹಿಡಿದ ನನಗೆ ವಿದ್ವಾಂಸರನ್ನು ನಂಬದಿರುವುದು ಒಂದು ಚಟ. ಆದರೂ ಅಂದು ಎದ್ದು ನಿಲ್ಲಲು ಸಂದೇಹದ ಹೊರತು ನನ್ನಲ್ಲಿ ಬೇರೇನೂ ಇರಲಿಲ್ಲ.

ಕೊನೆಯ ವರ್ಷ ಕುಪ್ಪಮ್ಮನಿಗೆ ಒಂದೇ ಚಿಂತೆ. "ಮಗಳು ಟಿ. ನಗರದ ಜವಳಿ ಅಂಗಡೀಲಿ ನಿಂತೇ ಇರ್ತಾಳೆ ಸಾಮಿ. ಮಾಸಿಗೆ ಲೀವ್ ಕೊಡಲ್ಲ. ನಾನು ಹೋದ್ರೆ ದಡದಲ್ಲಿ ನಮ್ಮ ಜಾಗಾನೂ ಹೋಯ್ತು."

"ಮರಳಿಗೂ ಪಟ್ಟಾ ಉಂಟೇ ಕುಪ್ಪಮ್ಮಾ?"

"ನಿಮಗೆ ಪಟ್ಟಾ ಬಿಟ್ರೆ ಇನ್ನೇನು ಗೊತ್ತು? ನಮ್ಮಮ್ಮ ಕೂತ ಜಾಗ ಅದು."

ಅವಳು ತೀರಿಕೊಂಡ ಮೇಲೆ ಇದು ಎರಡನೆಯ ಮಾಸಿ. ಮೊನ್ನೆ ಸಂಜೆ ಒಬ್ಬನೇ ಆ ದಂಡೆಗೆ ಹೋದೆ. ಡೇರೆಗೆ ಡೇರೆ ತಾಗಿದ್ದ ಸಾಲಿನಲ್ಲಿ ಒಂದೆಡೆ ಮಾತ್ರ ಬರಿಯ ಮರಳು. ಕಾಲು ನೋಯುತ್ತಿತ್ತು, ಕೂರಲು ಹೊರಟೆ.

"ಅಲ್ಲಿ ಬೇಡ ತಾತಾ," ಎಂದಳು ಪಕ್ಕದಲ್ಲಿ ಒಲೆ ಊದುತ್ತಿದ್ದ ಹೆಂಗಸು. "ಅದು ಕುಪ್ಪಮ್ಮಂದು."

"ಕುಪ್ಪಮ್ಮ ಈಗ ಇಲ್ಲವಲ್ಲಮ್ಮಾ."

"ನಂಗೊತ್ತಿಲ್ವಾ? ಮಣ್ಣು ಹಾಕಿ ಬಂದವಳು ನಾನು. ಮಗಳು ಇದಾಳಲ್ಲ, ಬಂದಾಗ ಬರಲಿ. ನಾವು ಈ ಕಡೆ ಜರುಗಿಬಿಟ್ರೆ ಅವಳು ಎಲ್ಲಿ ಕೂರಬೇಕು?"

ಆ ಬರಿಮರಳಿನ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದೆ. ನಾನು ಬಿಟ್ಟುಬಂದ ಊರಿನಲ್ಲಿ ನನಗಾಗಿ ಯಾರಾದರೂ ಹೀಗೆ ಜರುಗದೆ ಕುಳಿತಿರಬಹುದೇ? ಸಂದೇಹವನ್ನೇ ಉಂಡು ಬೆಳೆದವನಿಗೂ ಈ ಒಂದು ಪ್ರಶ್ನೆಯ ಉತ್ತರದಲ್ಲಿ ಸಂದೇಹವಿರಲಿಲ್ಲ.

ಈಗ ಮನೆ ಹತ್ತಿರದ ಮಾಧವರಂನ ಬಸ್ ನಿಲ್ದಾಣದಲ್ಲಿ ಟಿ. ನಗರದ ಬಸ್ಸಿಗೆ ನಿಂತಿದ್ದೇನೆ, ದಡದಲ್ಲಿ ಜಾಗ ಹಾಗೇ ಇದೆಯೆಂದು ಕುಪ್ಪಮ್ಮನ ಮಗಳಿಗೆ ಹೇಳಬೇಕು. ಅವಳು ಯಾವ ಅಂಗಡಿಯಲ್ಲಿದ್ದಾಳೋ ಕೇಳಿಟ್ಟುಕೊಂಡಿರಲಿಲ್ಲ, ಅಲ್ಲಿ ಜವಳಿ ಅಂಗಡಿಗಳಿಗೇನೂ ಬರವಿಲ್ಲ. ಮೊದಲು ಕಂಡ ಅಂಗಡಿಯಿಂದಲೇ ವಿಚಾರಿಸುತ್ತ ಹೋಗಬೇಕು.