ಸೊಲ್ಲಿಗೆ ಜಾಗ ಬಿಡದ ಸೋಬಾನೆ

‘ಸೂಪರ್’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರಾದರೂ ಬೈದರೆ ಅಷ್ಟು ಉರಿಯುವುದಿಲ್ಲ. ಬೈಯುವವನು ಕಡೇಪಕ್ಷ ಹಾಡನ್ನು ಕೇಳಿಸಿಕೊಂಡಾದರೂ ಬೈದಿರುತ್ತಾನೆ.

ನಾನು ರಾಮನಗರದಲ್ಲಿ ಮನೆಯಲ್ಲೇ ಮಕ್ಕಳಿಗೆ ಹಾರ್ಮೋನಿಯಂ ಮತ್ತು ಹಾಡು ಹೇಳಿಕೊಡುವವಳು. ಕೆಲವು ವರ್ಷಗಳ ಹಿಂದೆ ಪಾಠಕ್ಕೆ ಬರುವ ಹುಡುಗಿಯ ತಾಯಿ ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ, ತಾವೇ ರಾಗ ಕಟ್ಟಿ ಹಾಡುವವರ ಗುಂಪು ಅದು. ಗೊಂಬೆಗೆ ಬಣ್ಣ ಹಾಕುವವರು, ರೇಷ್ಮೆ ನೂಲು ತೆಗೆಯುವವರು, ಡೇರಿಗೆ ಹಾಲು ಹಾಕಿ ಬಂದು ಕೊಟ್ಟಿಗೆಯ ಮಗ್ಗುಲಲ್ಲೇ ಫೋನು ಹಿಡಿದು ಹಾಡುವವರು, ಎಲ್ಲ ಇದ್ದರು. ಹಾಡು ಹಾಕಿ ಕೆಳಗೆ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಬರೆಯುತ್ತಿದ್ದರು. ನಾನೆಂಥ ಪೆದ್ದಿ ನೋಡಿ, ನಿಜವಾಗಿಯೂ ಅಭಿಪ್ರಾಯ ಕೇಳುತ್ತಿದ್ದಾರೆ ಅಂತ ನಂಬಿದೆ.

ಒಂದು ಹಾಡು ಬಂದರೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂರುತ್ತಿದ್ದೆ. ಬಾರಿಸಿ ನೋಡುತ್ತಿದ್ದೆ, ನಾನೂ ಹಾಡಿ ನೋಡುತ್ತಿದ್ದೆ. ಆಮೇಲೆ ಬರೆಯುತ್ತಿದ್ದೆ: ಇದು ಚೆನ್ನಾಗಿ ಕೂತಿದೆ, ಇದು ಕೂತಿಲ್ಲ, ಹೀಗೆ ಮಾಡಿದರೆ ಕೂರಬಹುದು. ಚನ್ನಪಟ್ಟಣದ ಒಬ್ಬ ಸಾಹೇಬರು, ಗೊಂಬೆ ಕೆಲಸದವರು, ಬಹಳ ಇಂಪಾದ ರಾಗ ಕಟ್ಟಿದ್ದರು. ಆದರೆ ಉಸಿರು ತೆಗೆದುಕೊಳ್ಳುವುದಕ್ಕೆ ಪದದ ಮಧ್ಯೆ ನಿಲ್ಲಿಸುತ್ತಿದ್ದರು. ಅದನ್ನು ಹೇಳಿದೆ. ‘ಅಕ್ಕಾ, ಇಷ್ಟು ದಿನ ಯಾರೂ ಹೇಳೇ ಇರ್ಲಿಲ್ವಲ್ಲ’ ಎಂದು ಪಾಪ ಖುಷಿಪಟ್ಟು ತಿದ್ದಿಕೊಂಡರು. ಉಳಿದವರೆಲ್ಲ ಅವರ ಹಾಡಿಗೂ ಸೂಪರ್ ಅಂದಿದ್ದರು. ತಿದ್ದಿದ ಮೇಲೆ ಹಾಕಿದಾಗಲೂ ಅದೇ ಸೂಪರ್. ಎರಡಕ್ಕೂ ಒಂದೇ ಮಾತು ಅಂದರೆ ಯಾವುದನ್ನೂ ಕೇಳಿಲ್ಲ ಅಂತ ತಾನೇ?

ಗುಂಪು ನಡೆಸುತ್ತಿದ್ದವನು ಮಾಗಡಿ ಕಡೆಯವನು. ಮದುವೆ, ಸಭೆಗಳಿಗೆ ಮೈಕ್ ಸೆಟ್ ಹಾಕುವುದು ಅವನ ಕಸುಬು. ಮನೆಯ ಮಹಡಿ ಮೇಲೆ ಒಂದು ರೆಕಾರ್ಡಿಂಗ್ ರೂಮನ್ನೂ ಮಾಡಿಕೊಂಡಿದ್ದ. ‘ಇಲ್ಲಿ ಎಲ್ಲರೂ ಪಾಸಿಟಿವ್ ಆಗಿರಬೇಕು’ ಎಂದು ದಿನ ಬೆಳಗಾದರೆ ಗುಂಪಿಗೆ ಹಾಕುತ್ತಿದ್ದ. ಇರಲಿ, ನಾನೇನು ಗಂಟುಮುಖ ಹಾಕಿಕೊಂಡು ಕೂತಿರಲಿಲ್ಲ.

ಹೀಗಿರುವಾಗ ಒಬ್ಬ ಹೆಣ್ಣುಮಗಳು ತನ್ನ ಹಾಡು ಹಾಕಿದಳು. ಸಾತನೂರಿನ ಹತ್ತಿರದ ಹಳ್ಳಿಯವಳು, ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ತಂಗಿಗೆ ಮದುವೆ ಗೊತ್ತಾಗಿತ್ತು. ಅದಕ್ಕೆ ಅಕ್ಕ ತಾನೇ ಒಂದು ಸೋಬಾನೆ ಕಟ್ಟಿದ್ದಳು, ಮಾತೂ ಅವಳದೇ, ರಾಗವೂ ಅವಳದೇ. ಕಂಪನಿ ಬಸ್ಸಿನ ಕಿಟಕಿ ಪಕ್ಕ ಕೂತು ಗುನುಗುತ್ತ ಕಟ್ಟಿದ್ದಂತೆ. ಕೆಳಗೆ ಬರೆದಿದ್ದಳು: ‘ಧಾರೆ ಆದ್ಮೇಲೆ ಆರತಿ ಹೊತ್ತಲ್ಲಿ ಹಾಡ್ತೀನಿ. ನಮ್ ಊರ ಹೆಂಗಸ್ರೆಲ್ಲ ಇದನ್ನ ಹಾಡ್ಬೇಕು, ಮುಂದೆ ಬ್ಯಾರೆ ಮದ್ವೇಲೂ ಹಾಡ್ಬೇಕು, ಅದೇ ನನ್ನಾಸೆ. ಎಲ್ರೂ ಮದ್ವೆಗೆ ಬನ್ನಿ. ಹೆಂಗೈತೆ ಹೇಳಿ.’

ಹೇಗಿದೆ? ಮಾತು ಚಿನ್ನದಂತಿತ್ತು. ರಾಗ ಎತ್ತಿದ ರೀತಿಗೆ ಒಲೆ ಮೇಲಿನ ಸಾರು ಮರೆತು ನಿಂತೆ. ಆದರೆ ಎರಡನೇ ಸಾಲಿಗೆ ಬರುವ ಹೊತ್ತಿಗೆ ಹಾಡು ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕಿದೆ.

ನಮ್ಮವ್ವ ಕೈಲಾಂಚದ ಸುತ್ತಮುತ್ತ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದಳು. ಮುಂದಿನವಳು ಸಾಲು ಎತ್ತುತ್ತಾಳೆ, ಹಿಂದಿನ ಹೆಂಗಸರು ಸೊಲ್ಲು ಕೊಡುತ್ತಾರೆ. ಸೊಲ್ಲು ಅಂದರೆ ಅವರು ತಿರುಗಿ ಹೇಳುವ ಪಲ್ಲವಿ. ಕೂದಲು ನೆರೆತ ಅಜ್ಜಿಯೂ, ಮಗುವಿಗೆ ಹಾಲೂಡಿಸುತ್ತ ಕೂತವಳೂ, ರಾಗದ ತಲೆಬುಡ ಗೊತ್ತಿಲ್ಲದವಳೂ ಕೂಡಿಕೊಳ್ಳಬೇಕು. ಅದಕ್ಕೇ ಸಾಲಿನ ಕೊನೆಯಲ್ಲಿ ಮುಂದಿನವಳು ಬಾಯಿ ಬಿಟ್ಟುಕೊಡಬೇಕು. ‘ಹಿಂದಿನ ಬಾಯಿ ಮುಚ್ಕಂಡ್ರೆ ಅದು ಮುಂದಿನೋಳ ತಪ್ಪು ಕಣೆ’ ಅನ್ನುತ್ತಿದ್ದಳು ಅವ್ವ. ಈ ಹುಡುಗಿ ಮಾಗಡಿಯವನ ರೂಮಿಗೆ ಹೋಗಿ ಮಾಡಿದ್ದೇನು ಅಂದರೆ, ಆ ಸೊಲ್ಲನ್ನೂ ತಾನೇ ಹಾಡಿ, ನಾಲ್ಕಾರು ಬಾರಿ ಒಂದರ ಮೇಲೊಂದು ತುಂಬಿಸಿ, ಮದುವೆಯಲ್ಲಿ ಸ್ಪೀಕರಿಗೆ ಹಾಕುವ ಟ್ರ್ಯಾಕಿನಲ್ಲೇ ಕೂರಿಸಿಬಿಟ್ಟಿದ್ದಳು. ಸಾಲದ್ದಕ್ಕೆ ಸೊಲ್ಲಿನ ತುದಿಗೆ ಟಿ.ವಿ. ಸ್ಪರ್ಧೆಯವರ ಹಾಗೆ ಉದ್ದುದ್ದ ಕೊರಳ ಕುಣಿತ ಬೇರೆ. ಎಲ್ಲ ಹೆಂಗಸರ ಪಾಲನ್ನೂ ಒಬ್ಬಳೇ ಹಾಡಿ ಮುಗಿಸಿದ್ದಳು.

ಗುಂಪಿನಲ್ಲಿ ಆಗಲೇ ಹಬ್ಬ. ‘ಕೋರಸ್ ಬೆಂಕಿ’, ‘ಕೋರಸ್ ಅಂತೂ ಸೂಪರೋ ಸೂಪರ್’, ಹೂವು, ಚಪ್ಪಾಳೆ, ಕೈಮುಗಿದ ಚಿತ್ರ. ಹಾಳಾಗಿರೋದು ಅದೇ ಕಣ್ರೋ! ಅಷ್ಟೂ ಜನ ಇಯರ್‌ಫೋನು ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕೇಳುವವರು. ಅವಳಿಗೇನು ಬೇಕಿತ್ತು ಎಂಬುದನ್ನು ಅವಳೇ ಬರೆದಿದ್ದಳಲ್ಲ, ಅದನ್ನಾದರೂ ಓದಬೇಡವೇ?

ನಾನು ಬರೆದೆ. ಅಡ್ಡಗೋಡೆ ಮೇಲೆ ದೀಪ ಇಡುವ ಅಭ್ಯಾಸ ನನಗಿಲ್ಲ. ‘ಮಗಳೇ, ಮಾತು, ರಾಗ ಎರಡೂ ಚೆನ್ನಾಗಿವೆ. ಆದರೆ ಸೊಲ್ಲು ಕೊಡುವವರಿಗೆ ನೀನು ಜಾಗ ಬಿಟ್ಟಿಲ್ಲ. ಟ್ರ್ಯಾಕಿನಿಂದ ಕೋರಸ್ ತೆಗೆಸು. ಸೊಲ್ಲನ್ನು ನೇರ ಮಾಡು, ಕುಣಿಸಬೇಡ. ಸಾಲು ಮುಗಿದ ಕೂಡಲೇ ಸುಮ್ಮನಾಗು, ಅವರು ಹಿಡಿಯುತ್ತಾರೆ. ಈಗಿರುವ ಹಾಗೆ ಹಾಡಿದರೆ ನಿನ್ನ ಹಿಂದೆ ಯಾರೂ ಹಾಡುವುದಿಲ್ಲ.’

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತಾರಲ್ಲ, ಹಾಗೇ ಆಯಿತು. ‘ಶುಭದ ಹಾಡಿಗೆ ಕೊಂಕು ಆಡ್ತೀರಲ್ಲ, ನಿಮ್ಗೂ ಹೆಣ್ಮಕ್ಳವೋ ಇಲ್ವೋ?’ ಎಂದು ಒಬ್ಬ. ‘ಸೋಬಾನೆಗೆ ತಪ್ಪು ತೆಗೆದ್ರೆ ಮದುಮಗಳಿಗೆ ಒಳ್ಳೇದಾಗಲ್ಲ’ ಎಂದು ಇನ್ನೊಬ್ಬಳು. ‘ಹೊಟ್ಟೆಕಿಚ್ಚು’ ಎಂದು ಮತ್ತೊಬ್ಬ. ಹಾಡಿಗೆ ತಪ್ಪು ಹೇಳಿದರೆ ಮದುವೆಗೇ ಅಪಶಕುನವಂತೆ! ನಮ್ಮವ್ವನ ಕಾಲದಲ್ಲಿ ಸೊಲ್ಲು ತಪ್ಪಿದರೆ ಹಿಂದಿನಿಂದ ಬೆನ್ನಿಗೆ ಗುದ್ದುತ್ತಿದ್ದರು. ಗುದ್ದಿಸಿಕೊಂಡವರ ಮನೆಯ ಹೆಣ್ಣುಮಕ್ಕಳೆಲ್ಲ ಮೊಮ್ಮಕ್ಕಳನ್ನು ಆಡಿಸುತ್ತ ಸುಖವಾಗೇ ಇದ್ದಾರೆ.

ಮಾಗಡಿಯವನು ನನ್ನ ಮಾತನ್ನು ಅಳಿಸಿಹಾಕಿದ. ಆಮೇಲೆ ಫೋನು ಮಾಡಿದ.

‘ಮೇಡಂ, ನೀವು ಹೇಳಿದ್ದು ಸರಿ ಇರ್ಬೋದು. ಆದ್ರೆ ಒಸಿ ಎನ್ಕರೇಜ್ ಮಾಡಿ. ಹಳ್ಳಿ ಹೆಣ್ಮಗ್ಳು, ಬೇಜಾರ್ ಮಾಡ್ಕತಾಳೆ.’

‘ಈಗ ಫೋನಲ್ಲಿ ಬೇಜಾರಾಗಲಿ ಬಿಡಪ್ಪ. ನಾಳೆ ಬೀಗರ ಮುಂದೆ ಆಗೋದಕ್ಕಿಂತ ವಾಸಿ ಅಲ್ವಾ?’

‘ಅಂಗೆಲ್ಲ ಏನೂ ಆಗಲ್ಲ ಬುಡಿ. ಕೋರಸ್ ಹಾಕ್ಸಿದ್ದು ನಾನೇ. ಮದ್ವೆಗೂ ನಾನೇ ಸೆಟ್ ಹಾಕ್ತಿವ್ನಿ, ನೋಡ್ಕತೀನಿ.’

ಸಂಜೆಯ ಹೊತ್ತಿಗೆ ನನ್ನನ್ನು ಗುಂಪಿನಿಂದ ತೆಗೆದಿದ್ದ. ನಮ್ಮ ಮನೆಯವರು ಪೇಪರ್ ಮಡಿಸಿಟ್ಟು, ‘ನಿಂಗ್ಯಾಕೆ ಬೇಕಿತ್ತೇ ಊರ ಉಸಾಬರಿ?’ ಎಂದು ನಕ್ಕರು. ಅವತ್ತು ಅವರಿಗೆ ಉಪ್ಪಿಲ್ಲದ ಸಾರು ಸಿಕ್ಕಿತು. ಬೇಕಂತಲೇ ಹಾಕಲಿಲ್ಲ.

ಗುಂಪಿನಿಂದ ತೆಗೆದವರು ಮದುವೆಗೆ ಬರಬೇಡ ಅಂದಿರಲಿಲ್ಲ. ಎಲ್ಲರೂ ಬನ್ನಿ ಎಂದು ಅವಳೇ ಕರೆದಿದ್ದಳು. ಪಾಠದ ಹುಡುಗಿಯ ತಾಯಿಯನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿ ಕನಕಪುರದ ಛತ್ರಕ್ಕೆ ಹೋದೆ. ನನ್ನ ಮಾತು ಸುಳ್ಳಾಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಇದು ಸತ್ಯ, ನಂಬುವವರು ನಂಬಿ. ಬೆಂಕಿ ಬೆಂಕಿ ಅಂತ ಬರೆದವರಲ್ಲಿ ಅಲ್ಲಿಗೆ ಬಂದಿದ್ದವನು ಮಾಗಡಿಯವನೊಬ್ಬನೇ, ಅದೂ ಸ್ಪೀಕರ್ ಪಕ್ಕ.

ಧಾರೆ ಆಯಿತು. ಆರತಿಗೆ ಹೆಂಗಸರು ಎದ್ದರು. ಅವಳ ಊರಿನವರೇ ಒಂದು ಕಡೆ ಗುಂಪಾಗಿ, ಎಲೆ ಅಡಿಕೆ ಉಗಿದು ಬಂದು, ಅವಳು ಹೇಳಿಕೊಟ್ಟ ಸೊಲ್ಲಿನ ಮಾತು ನೆನೆಸಿಕೊಳ್ಳುತ್ತ ಸಿದ್ಧರಾಗೇ ನಿಂತಿದ್ದರು. ಅವಳು ಹಸಿರು ಸೀರೆ ಉಟ್ಟು ಮೈಕ್ ಹಿಡಿದಳು. ಮೊದಲ ಸಾಲು ಎತ್ತಿದಳು ನೋಡಿ, ಛತ್ರಕ್ಕೆ ಛತ್ರವೇ ತಿರುಗಿತು. ಸಾಲು ಮುಗಿಯಿತು. ಹೆಂಗಸರು ಬಾಯಿ ತೆರೆದರು. ಅಷ್ಟರಲ್ಲಿ ಸ್ಪೀಕರಿನಿಂದ ಆ ಕೋರಸ್ಸು ದಬದಬ ಬಂದು ಬಿತ್ತು. ತೆರೆದ ಬಾಯಿಗಳು ಹಾಗೇ ನಿಂತವು. ಎರಡನೇ ಸಾಲಿಗೆ ಒಂದಿಬ್ಬರು ಹಿಡಿಯಲು ನೋಡಿದರು. ಆ ಕುಣಿತಕ್ಕೆ ಸಿಕ್ಕದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮೂರನೇ ಸಾಲಿಗೆ ಯಾರೂ ಇಲ್ಲ. ನನ್ನ ಹಿಂದೆ ಗಂಡಿನ ಕಡೆಯವಳೊಬ್ಬಳು ಕೇಳಿದಳು, ‘ಇದೇನಕ್ಕ, ಹಾಡ್ತಾವ್ಳೋ, ಕ್ಯಾಸೆಟ್ ಹಾಕವ್ರೋ?’

ಹಾಡುತ್ತಿದ್ದವಳು ತಿರುಗಿ ತನ್ನೂರ ಹೆಂಗಸರ ಕಡೆ ನೋಡಿದಳು. ಹಾಡಿ, ಹಾಡಿ ಎಂದು ಕೈ ಸನ್ನೆ ಮಾಡಿದಳು. ಹೇಗೆ ಹಾಡಿಯಾರು? ನಾನೂ ಬಾಯಿ ಬಿಟ್ಟೆ. ಆ ಸೊಲ್ಲಿಗೆ ನುಗ್ಗಲು ನನಗೂ ಸಂದು ಸಿಗಲಿಲ್ಲ. ಗಂಡಿನ ಕಡೆಯ ಒಬ್ಬ ಮುದುಕಿಗೆ ಏನನ್ನಿಸಿತೋ, ಕನಿಕರವೋ ಬೇಸರವೋ, ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಸೋಬಾನೆ ಎತ್ತಿಕೊಂಡಳು. ಅಷ್ಟೂ ಹೆಂಗಸರು, ಹುಡುಗಿಯ ಊರಿನವರೂ ಸೇರಿ, ಒಂದೇ ಕೊರಳಲ್ಲಿ ಸೊಲ್ಲು ಕೊಟ್ಟರು. ಸ್ಪೀಕರಿನವನು ಗಾಬರಿಬಿದ್ದು ಟ್ರ್ಯಾಕು ನಿಲ್ಲಿಸಿದ. ಅವಳು ಮೈಕ್ ಹಿಡಿದುಕೊಂಡೇ ವೇದಿಕೆಯ ಅಂಚಿಗೆ ಸರಿದು ನಿಂತಳು.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ಸೂಪರ್ ಅಂದವರಲ್ಲಿ ಯಾರಿಗೇನು ಹೋಯಿತು? ಎಲ್ಲೋ ಟೀ ಅಂಗಡಿಯಲ್ಲಿ ಕೂತು ಬೆರಳಲ್ಲಿ ಒತ್ತಿದರು, ಮರೆತರು. ಸ್ಪೀಕರ್ ಹತ್ತಿರ ಹೋಗಿ ಅವನ ಮುಖದ ಮೇಲೆ ನಾಲ್ಕು ಮಾತು ಬಿಸಾಕಬೇಕು ಅನ್ನಿಸಿತು. ಮದುವೆಮನೆ ಎಂದು ಹಲ್ಲು ಕಚ್ಚಿಕೊಂಡೆ.

ಊಟ ಮುಗಿಸಿ ಕೈತೊಳೆಯುವ ಕಡೆ ಹೋದಾಗ ಅವಳು ಎದುರು ಸಿಕ್ಕಳು. ನನ್ನ ಜೊತೆ ಬಂದಿದ್ದವರು ನಾನು ಯಾರೆಂದು ಹೇಳಿದರು. ಮುಖ ತಿರುಗಿಸಿಕೊಂಡು ಹೋಗುತ್ತಾಳೆ ಅಂದುಕೊಂಡೆ. ಅವಳು ನಿಂತಳು.

‘ನೀವ್ ಬರ್ದಿದ್ದನ್ನ ಅಳಿಸೋಕ್ ಮುಂಚೆನೇ ಓದಿದ್ದೆ ಕಣಕ್ಕ.’

‘ಓದಿದ್ಮೇಲೆ ಯಾಕವ್ವ ತಿದ್ದಲಿಲ್ಲ?’

‘ಅಷ್ಟು ಜನ ಸೂಪರ್ ಅಂದವ್ರೆ, ಇವ್ರೊಬ್ರು ಸರಿ ಇಲ್ಲ ಅಂತಾವ್ರೆ. ಒಬ್ರೇ ತಪ್ಪಿರ್ಬೇಕು ಅಂದ್ಕಂಬುಟ್ಟೆ.’

ಅಳಲಿಲ್ಲ. ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡು ಬೀಗರಿಗೆ ಮಜ್ಜಿಗೆ ಬಡಿಸಲು ಹೋದಳು. ಅಳುತ್ತಿದ್ದುದು ನಾನು, ಅದೂ ಸಿಟ್ಟಿಗೆ.

ಅವತ್ತೇ ಗುಂಪಿನಲ್ಲಿ ವಿಡಿಯೋ ಬಂತಂತೆ. ಮೊದಲ ಸಾಲು ಮಾತ್ರ, ಬಾಯಿಗಳು ತೆರೆದು ನಿಲ್ಲುವುದಕ್ಕೆ ಮುಂಚೆಯೇ ಕತ್ತರಿಸಿದ್ದು. ‘ಮದುವೆಯಲ್ಲಿ ಧೂಳೆಬ್ಬಿಸಿದ ನಮ್ಮ ಸಹೋದರಿ’ ಎಂದು ಬರೆದಿದ್ದನಂತೆ ಮಾಗಡಿಯ ಮಹಾನುಭಾವ. ಮತ್ತೆ ಬೆಂಕಿ, ಮತ್ತೆ ಚಪ್ಪಾಳೆ. ಪಾಠದ ಹುಡುಗಿಯ ತಾಯಿ ಅದನ್ನೆಲ್ಲ ನನಗೆ ತೋರಿಸಿದರು. ಫೋನು ಎಸೆಯುವುದೊಂದು ಬಾಕಿ. ನನ್ನದಾಗಿದ್ದರೆ ಎಸೆದೇ ಬಿಡುತ್ತಿದ್ದೆ. ಆದರೆ ಆ ಚಪ್ಪಾಳೆಗಳ ಕೆಳಗೆ ಅವಳು ಒಂದು ಮಾತು ಬರೆದಿದ್ದಳು: ‘ಎಲ್ರಿಗೂ ನಮಸ್ಕಾರ. ಇಷ್ಟು ಜನಕ್ಕೆ ಇಷ್ಟ ಆಗೈತಲ್ಲ, ಯಾರಾದ್ರೂ ಒಬ್ರು ಇದ್ರ ಸೊಲ್ಲು ಹಾಡಿ ಕಳ್ಸಿ.’

ಕೈಮುಗಿದ ಚಿತ್ರಗಳು ಬಂದವು. ಹೂವು ಬಂದವು. ‘ಖಂಡಿತ ಸಿಸ್ಟರ್’ ಬಂತು. ಸೊಲ್ಲು ಒಬ್ಬರಿಂದಲೂ ಬರಲಿಲ್ಲ. ಆಮೇಲೆ ಯಾರೋ ಹುಟ್ಟುಹಬ್ಬದ ಕೇಕು ಹಾಕಿದರು, ಅಷ್ಟೂ ಜನ ಆ ಕಡೆ ತಿರುಗಿದರು. ಅವಳು ಗುಂಪು ಬಿಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ನನ್ನ ಫೋನಿಗೆ ಒಂದು ಹಾಡು ಬಂತು. ಜೊತೆಗೆ ಒಂದೇ ಸಾಲು: ‘ಅಕ್ಕ, ಬೈಯಿರಿ.’

ನಾನು ರಾಗಿ ಮುದ್ದೆ ತಿರುವುತ್ತಿದ್ದೆ. ಮೊಣಕೈಯಲ್ಲೇ ಫೋನು ಒತ್ತಿ ಬಿಟ್ಟೆ. ಟ್ರ್ಯಾಕಿಲ್ಲ, ಕೋರಸ್ಸಿಲ್ಲ. ಹಿಂದೆ ಬಸ್ಸಿನ ಸದ್ದು, ಯಾರೋ ಹೆಂಗಸರು ಮಾತಾಡುವ ಸದ್ದು. ಅದೇ ಸೋಬಾನೆ. ಸಾಲು ನೇರವಾಗಿ ಬಂತು, ಕೊನೆಯಲ್ಲಿ ಇಳಿಯಿತು. ಆಮೇಲೆ ಅವಳು ಸುಮ್ಮನಾದಳು.

ಆ ಸುಮ್ಮನಿದ್ದ ಜಾಗಕ್ಕೆ ನನ್ನ ಬಾಯಿಂದ ಸೊಲ್ಲು ತಾನಾಗಿಯೇ ಬಂತು. ಮುದ್ದೆ ಕೋಲು ಹಿಡಿದುಕೊಂಡೇ ಹಾಡಿದೆ. ನಡುಮನೆಯಿಂದ ನಮ್ಮವರು ‘ಯಾರ ಮದ್ವೆಯೇ?’ ಎಂದು ಕೂಗಿದರು.

ಮುದ್ದೆ ಗಂಟಾಗಿತ್ತು. ಕೈ ತೊಳೆದುಕೊಂಡು ಅವಳಿಗೆ ಬರೆದೆ: ‘ಸೊಲ್ಲು ಸಿಕ್ಕಿತು, ನಾನು ಹಾಡಿದೆ. ಮೂರನೇ ಸಾಲಿನಲ್ಲಿ ಅವಸರ ಮಾಡಿದ್ದೀಯ. ತಿದ್ದಿ ಕಳಿಸು.’