ಒಂದು ಸೌಟು ಕಾಳಜಿ

ಮರವಂತೆಯಲ್ಲಿ ಕಡಲು ತಡೆಗೋಡೆ ದಾಟಿದ ಬೆಳಿಗ್ಗೆ ತೀರದ ಮನೆಯವರನ್ನೆಲ್ಲ ಶಾಲೆಗೆ ಕಳಿಸಿದರು. ನಮ್ಮ ಪಕ್ಕದ ಮನೆಯ ಅಜ್ಜಿ ಮಾತ್ರ ಹೊಸ್ತಿಲು ಬಿಡಲಿಲ್ಲ. ಮೀನು ಮಾರಿ ಕಟ್ಟಿಸಿದ ಮನೆ ಅದು. ಅಡುಗೆಕೋಣೆಯ ಗೋಡೆಯಡಿ ಕೈ ತೂರುವಷ್ಟು ಮರಳು ಆಗಲೇ ಹೋಗಿತ್ತು. ತೂರಿಸಿ ನೋಡಿದವಳು ನಾನೇ. ಮಧ್ಯಾಹ್ನ ಕಡಲು ಉಕ್ಕುವ ಭರತಕ್ಕೆ ಆ ಗೋಡೆ ನಿಲ್ಲುವಂತಿರಲಿಲ್ಲ.

"ಅಮ್ಮಮ್ಮ, ಶಾಲಿಗ್ ಹೋಪ. ಅಲ್ಲ್ ಗಂಜಿ ಕೇಂದ್ರ ಮಾಡಿರ್" ಎಂದೆ.

"ಕುಚ್ಲಕ್ಕಿ ಗಂಜಿಯಾ?"

"ಇಲ್ದಿರೆ ಆ ಹೆಸ್ರ್ ಇಡ್ತ್ರಾ?"

ಬಂದರು. ನಾನೂ ನಂಬಿಯೇ ಹೇಳಿದ್ದೆ.

ಶಾಲೆಯಲ್ಲಿದ್ದದ್ದು ಕುಂದಾಪುರದ ಹೋಟೆಲಿನಿಂದ ತಂದ ಪಲಾವು. 'ಗಂಜಿ' ಎನ್ನುವುದು ನೊಂದವರಿಗೆ ಅವಮಾನ, ಇದು ಕಾಳಜಿ ಕೇಂದ್ರ, ಆ ಇನ್ನೊಂದು ಪದ ಯಾರ ಬಾಯಲ್ಲೂ ಬರಕೂಡದು ಎಂದು ಬಯಲುಸೀಮೆಯಿಂದ ಬಂದ ಹೊಸ ಅಧಿಕಾರಿ ಮೆತ್ತಗೆ ವಿವರಿಸುತ್ತಿದ್ದರು. ಅವರ ಊರಲ್ಲಿ ಗಂಜಿ ಕುಡಿಯುವುದು ಜ್ವರ ಬಂದಾಗ. ನಮ್ಮಲ್ಲಿ ಗಂಜಿ ಬೇಡವೆಂದರೆ ಜ್ವರ ಬಂದಿದೆಯೆಂದು ಅರ್ಥ.

ಅಜ್ಜಿ ಪಲಾವು ನೋಡಿ ಎದ್ದರು. "ಹ್ವಾಯ್, ಕಾಳ್ಜಿ ಉಂಬುಕಾತ್ತಾ? ನಾನ್ ಮನಿಗ್ ಹೋಯಿ ಬೇಯ್ಸ್ಕಂತೆ."

ಭರತಕ್ಕೆ ಹೆಚ್ಚು ಹೊತ್ತಿರಲಿಲ್ಲ. ಶಾಲೆಯ ಬಿಸಿಯೂಟದ ಅಡುಗೆಯವರು ನನ್ನ ಅತ್ತಿಗೆ. ನಾನು ಓಡಿ ಕುಚ್ಚಲಕ್ಕಿ ತಂದೆ. ಅವರು ಅದನ್ನು ಒಲೆಗಿಟ್ಟು, "ಕೂಕಣಿ ಅಮ್ಮಮ್ಮ, ಈಗ ಆತ್ತ್" ಎಂದರು. ಆಮೇಲೆ ಸದ್ದಿಲ್ಲದೆ ಉರಿ ತಗ್ಗಿಸಿದರು. ಅಕ್ಕಿ ಬೇಯುವ ತನಕ ಅಜ್ಜಿ ಹೋಗಲಾರರು.

ಅಧಿಕಾರಿ ಇಣುಕಿದರು. "ಏನಮ್ಮಾ ಬೇಯ್ತಿರೋದು?"

"ಕಾಳಜಿ, ಸರ್" ಎಂದರು ಅತ್ತಿಗೆ.

ಅಧಿಕಾರಿ ತಲೆಯಾಡಿಸಿ ಹೋದರು. ಅಲ್ಲಿಂದ ಶುರುವಾಯಿತು. "ಕಾಳಜಿ ಬೆಂದಿತಾ?" "ನಂಗೂ ಒಂದ್ ಸೌಟ್ ಕಾಳಜಿ ಹಾಕಿ, ನೀರ್ ಜಾಸ್ತಿ ಇರ್ಲಿ." ಪಲಾವಿನ ಮುಂದೆ ಕುಳಿತವರೂ ಬಟ್ಟಲು ಹಿಡಿದು ಬಂದರು.

ಅಜ್ಜಿ ನಡುನಡುವೆ ಎದ್ದು ಬಾಗಿಲ ತನಕ ಹೋದರು. "ಅದೆಂತ ಮಗಾ, ಅಕ್ಕಿಯಾ ಕಲ್ಲಾ?"

"ಹಳಿ ಅಕ್ಕಿ, ಅಮ್ಮಮ್ಮ" ಎಂದೆ.

ಅಂತೂ ಬಡಿಸಿದೆವು. ಅವರು ಉಣ್ಣುತ್ತಿರುವಾಗಲೇ, ತೀರದಲ್ಲಿ ಮರಳಿನ ಚೀಲ ಪೇರಿಸುತ್ತಿದ್ದ ಅವರ ತಮ್ಮ ಬಾಗಿಲಿಗೆ ಬಂದು ನಿಂತರು. ಸೊಂಟದ ತನಕ ಒದ್ದೆ.

"ಅಕ್ಕಾ, ಅಡ್ಗಿಕೋಣಿ ಹೋಯ್ತ್. ಗೋಡಿ ಒಲಿ ಮೇಲೇ ಬಿತ್ತ್."

ನಾನು ಸೌಟನ್ನು ಕೆಳಗಿಟ್ಟೆ. ಅಜ್ಜಿ ಬಟ್ಟಲಲ್ಲಿ ಉಳಿದದ್ದನ್ನು ಕುಡಿದು ಮುಗಿಸಿದರು. ಬಟ್ಟಲು ತೊಳೆದಿಟ್ಟರು. ಒಲೆಯ ಬಳಿ ಬಂದು ಬಗ್ಗಿ ಉರಿಯನ್ನು ನೋಡಿದರು, ಆಮೇಲೆ ಅತ್ತಿಗೆಯ ಮುಖವನ್ನು.

"ಆಚಿ ಸರಿ" ಎಂದು ಅವರನ್ನು ಒಲೆಯ ಮುಂದಿನಿಂದ ಪಕ್ಕಕ್ಕೆ ಸರಿಸಿದರು. "ರಾತ್ರಿಗ್ ನಾನೇ ಬೇಯ್ಸ್ತೆ. ನೀವ್ ಬೇಯ್ಸುದ್ರೊಳ್ಗೆ ಊರೇ ಮುಳ್ಗುತ್ತ್."